ನಿಂಬೆಹಣ್ಣಿನ ಅಚ್ಚು

ಟಪ್... ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಟಪ್. ಮೊನ್ನೆ ನಂಜನಗೂಡಿನ ಪೋಸ್ಟಾಫೀಸಿನಲ್ಲಿ ಯಾರೋ ಸೀಲ್ ಹೊಡೆಯುತ್ತಿದ್ದ ಸದ್ದಿಗೆ ನನ್ನ ಎದೆ ಡವಡವ ಹೊಡೆದುಕೊಳ್ಳತೊಡಗಿತು. ಕೌಂಟರಿನ ಹುಡುಗಿ "ಅಜ್ಜಿ, ಕೂತ್ಕೊಳ್ಳಿ" ಎಂದಳು. ಕೂತೆ. ಕಿವಿ ಮಾತ್ರ ತಿ. ನರಸೀಪುರದ ಆ ಹಳೆಯ ಮನೆಯ ಗೋಡೆಗೆ ಅಂಟಿಕೊಂಡಿತ್ತು.

ತೊಂಬತ್ತರ ದಶಕದ ಕೊನೆಯ ವರ್ಷಗಳು. ನಮ್ಮ ಯಜಮಾನರಿಗೆ ಅಲ್ಲಿಗೆ ಟ್ರಾನ್ಸ್‌ಫರ್ ಆಗಿತ್ತು. ಒಂದೇ ಮನೆಯನ್ನು ಎರಡು ಭಾಗ ಮಾಡಿ ಬಾಡಿಗೆಗೆ ಕೊಟ್ಟಿದ್ದರು; ಆಚೆ ಭಾಗದಲ್ಲಿ ಡ್ರಾಯಿಂಗ್ ಮಿಸ್ ಒಬ್ಬರೇ ಇದ್ದರು. ಸ್ಕೂಲು ಮುಗಿಸಿ ಬಂದರೆ ಅವರಿಗೆ ಒಂದೇ ಧ್ಯಾನ, ಇಸ್ಪೀಟ್ ಎಲೆಯಷ್ಟು ಪುಟ್ಟ ಕಾರ್ಡುಗಳು. ಹಳೆಯ ಲಗ್ನಪತ್ರಿಕೆಗಳ ಖಾಲಿ ಬೆನ್ನನ್ನು ಕತ್ತರಿಸಿ, ಅರಿಶಿನದ ನೀರು ಬಳಿದು ಒಣಗಿಸಿ, ಮೇಲೆ ತಿಳಿ ಸುಣ್ಣ ಸವರಿದರೆ ಕಾರ್ಡು ಕೆಂಪಗಾಗುತ್ತಿತ್ತು. ಹವಾಯಿ ಚಪ್ಪಲಿಯ ರಬ್ಬರಿನಲ್ಲಿ ಕೊರೆದ ಗುಬ್ಬಿಯ ಅಚ್ಚಿಗೆ ಕಪ್ಪು ಇಂಕು ಹಚ್ಚಿ ಒತ್ತುತ್ತಿದ್ದರು... ಟಪ್. ಕಡೆಗೆ ಅರ್ಧ ಹೋಳು ನಿಂಬೆಹಣ್ಣು. ಅದರ ಹುಳಿ ತಾಗಿದಲ್ಲಿ ಕೆಂಪು ಹೋಗಿ ಹಳದಿ ಮರಳುತ್ತಿತ್ತು. ಕೆಂಪಿನ ನಡುವೆ ಹಳದಿ ಚಕ್ರ! ಅದರ ಸುತ್ತ ಕರಿ ದಾರದ ಹೊಲಿಗೆ.

"ರಸ ಜಾಸ್ತಿಯಾದ್ರೆ ಚಕ್ರ ಕದಡಿಹೋಗುತ್ತೆ ಅಕ್ಕ, ಮೊದ್ಲು ಬಟ್ಟೆ ಮೇಲೊತ್ತಿ," ಎಂದು ನನಗೂ ಹೇಳಿಕೊಟ್ಟರು. ಸೋ ಪ್ರಿಟಿ, ಅನ್ನುತ್ತಿದ್ದೆ ನಾನು.

ಅರಿಶಿನ, ಸುಣ್ಣ, ನಿಂಬೆಹಣ್ಣು, ಕರಿ ದಾರ. ಮಾಟದ ಮಾತೆತ್ತಿದರೆ ಜನ ದನಿ ತಗ್ಗಿಸುವ ಸೀಮೆ ಅದು. ಇವೆಲ್ಲ ಒಟ್ಟಿಗೆ ಕಂಡರೆ ಬೀದಿಯವರು ಏನೆಂದುಕೊಂಡಾರು ಎಂಬುದು ನಮ್ಮಿಬ್ಬರಿಗೂ ಹೊಳೆಯಲೇ ಇಲ್ಲ.

ಒಂದು ಭಾನುವಾರ, ಜಗುಲಿಯಲ್ಲಿ ಒಣಗಲಿಟ್ಟ ಕಾರ್ಡೊಂದು ಗಾಳಿಗೆ ಹಾರಿ ಎದುರುಮನೆಯ ಹೊಸ್ತಿಲಿಗೆ ಬಿತ್ತು. ಆ ಮನೆಯ ಮಗು ಜ್ವರದಲ್ಲಿ ಮಲಗಿತ್ತು. ಕಿರುಚಾಟ ಕೇಳಿ ನಾನು ಹೊರಗೆ ಬಂದಾಗ ಮಗುವಿನ ತಾಯಿ ಕಾರ್ಡನ್ನು ಪೊರಕೆ ತುದಿಯಿಂದ ತಳ್ಳುತ್ತಿದ್ದಳು. ಬೀದಿಗೆ ಬೀದಿಯೇ ಸೇರಿತ್ತು.

"ಅದು ಗ್ರೀಟಿಂಗ್ ಕಾರ್ಡ್ ಕಣಮ್ಮ, ಆರ್ಟು," ಎಂದೆ.

"ಆರ್ಟ್‌ಗೆ ಕರಿ ದಾರ ಯಾಕವ್ವಾ?" ಎಂದಳು ಆ ಮನೆಯ ಅಜ್ಜಿ. "ಸುಮ್ಕಿರಿ ಮೇಡಮ್ಮೋರೇ. ನಿಮ್ ಕಾನ್ವೆಂಟ್ನಲ್ಲಿ ಇದ್ನೆಲ್ಲ ಏಳ್ಕೊಟ್ಟಿರಾಕಿಲ್ಲ."

ಯಾರೋ ನಕ್ಕರು. ಆ ನಗು ಕೇಳಿ ನನಗೆ ಇನ್ನೂ ಭಯವಾಯಿತು.

ಅಷ್ಟರಲ್ಲಿ ಮಿಸ್, ಮಣೆಯ ಮೇಲೆ ಸಾಮಾನೆಲ್ಲ ಜೋಡಿಸಿಕೊಂಡು ಹೊರಗೆ ಬಂದರು. ಮಕ್ಕಳಿಗೆ ಡೌಟ್ ಬಂದರೆ ಕ್ಲಾಸಿನಲ್ಲಿ ಅವರು ಮಾಡುತ್ತಿದ್ದುದೂ ಅದೇ, ಮಾಡಿ ತೋರಿಸುವುದು. "ಹೆದರ್ಬೇಡಿ, ಇಷ್ಟೇ ನೋಡಿ," ಎಂದರು. ನಾನು "ಮಿಸ್, ಪ್ಲೀಸ್, ನಿಂಬೆಹಣ್ಣು ಮುಟ್ಬೇಡಿ" ಎಂದು ಪಿಸುಗುಟ್ಟಿದೆ. ಅವರಿಗೆ ಕೇಳಿಸಲಿಲ್ಲ. ಎಲ್ಲರೆದುರು ಹಣ್ಣು ಕೊಯ್ದರು. ಕೆಂಪು ಕಾರ್ಡಿನ ಮೇಲೆ ಒತ್ತಿದರು. ಎತ್ತಿ ತೋರಿಸಿದರು.

ಒತ್ತಿದ ಕಡೆ ಕೆಂಪು ಇರಲಿಲ್ಲ.

ಮುಂದೆ ನಿಂತವರು ಹಿಂದೆ ಸರಿದರು. ಆಮೇಲೆ ಅಜ್ಜಿ, ತೀರ ಸಣ್ಣ ದನಿಯಲ್ಲಿ: "ನಿಂಬೆಅಣ್ಣು ನೆತ್ರು ಕುಡೀತು ಕಣ್ರವ್ವಾ..."

ಮೊದಲ ಕಲ್ಲು ಬಾಗಿಲಿಗೆ ಬಡಿಯಿತು. ಮಿಸ್‌ನ ತೋಳು ಹಿಡಿದು ಒಳಗೆಳೆದುಕೊಂಡು ಚಿಲಕ ಹಾಕಿದೆ. ಯಜಮಾನರು ಮೈಸೂರಿಗೆ ಹೋಗಿದ್ದರು. ಅಡುಗೆಮನೆಯ ಮೂಲೆಯಲ್ಲಿ ಇಬ್ಬರೂ ಒತ್ತಿಕೊಂಡು ಕೂತೆವು. ಬಾಗಿಲ ಸಂದಿಯಿಂದ ಸೀಮೆಎಣ್ಣೆಯ ವಾಸನೆ ಬಂತು. ಕಾರ್ಡುಗಳನ್ನು ಸುಡುವುದಕ್ಕೋ, ನಮ್ಮನ್ನೋ... ಗೊತ್ತಾಗಲಿಲ್ಲ. ಉಸಿರು ಬಿಡುವುದಕ್ಕೂ ಹೆದರಿಕೆ. ಕಾರ್ಡುಗಳನ್ನೇ ಸುಟ್ಟರು, ಸದ್ಯ.

"ನಾನೇನ್ ತಪ್ಪು ತೋರಿಸ್ದೆ ಅಕ್ಕ?" ಎಂದರು ಮಿಸ್. ಮತ್ತೆ ಮತ್ತೆ ಅದನ್ನೇ ಕೇಳಿದರು.

ಹಿತ್ತಿಲ ಬಾಗಿಲಿಗೆ ಮನೆ ಓನರ್ ಬಂದ. ಅವನ ಮುಖವೂ ಬಿಳಿಚಿಕೊಂಡಿತ್ತು. "ಇವ್ರನ್ನ ಈಗ್ಲೇ ಬಸ್ ಅತ್ತಿಸ್ಬುಡಿ ಮೇಡಂ. ಮಗೀಗೆ ಏನಾರ ಆದ್ರೆ ಜನಾನ ನನ್ ಕೈಲಿ ತಡ್ಯಕ್ಕಾಗಲ್ಲ."

ಮಿಸ್‌ನ ಬೆರಳೆಲ್ಲ ಅರಿಶಿನ. ದಾರಿಯಲ್ಲಿ ಯಾರಾದರೂ ಗುರುತು ಹಿಡಿದರೆ? ಬಟ್ಟೆ ಸೋಪು ಕೊಟ್ಟೆ. ಉಜ್ಜಿದಷ್ಟೂ ಬೆರಳು ಕೆಂಪಾದವು. ಸುಣ್ಣದ ಗುಣವೇ ಸೋಪಿಗೂ ಇದೆಯೆಂಬುದು ಆ ಗಾಬರಿಯಲ್ಲಿ ಇಬ್ಬರಿಗೂ ನೆನಪಾಗಲಿಲ್ಲ. ಒದ್ದೆ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ಹಿತ್ತಿಲಿನಿಂದ ಹೊರಟರು, ನಾನು ಮುಂದೆ, ಅವರು ಹಿಂದೆ.

ಮಾರನೆಯ ದಿನವೇ ಮಗುವಿನ ಜ್ವರ ಬಿಟ್ಟಿತು. "ನೋಡುದ್ರಾ?" ಎಂದಳು ಅಜ್ಜಿ, ನನ್ನ ಬಗ್ಗೆ ಕನಿಕರದಿಂದಲೇ.

ಮಿಸ್‌ನ ತಂಗಿ ನಂಜನಗೂಡಿನಲ್ಲಿದ್ದರು; ಅವತ್ತು ಬಸ್ ಹತ್ತಿಸಿದ್ದು ಅಲ್ಲಿಗೇ. ನಾವು ರಿಟೈರ್ ಆಗಿ ಇಲ್ಲಿಗೆ ಬಂದ ಮೇಲೆ ಹುಡುಕಿಕೊಂಡು ಹೋದೆ. ಆ ಮನೆಯಲ್ಲಿ ಬೇರೆ ಯಾರೋ ಇದ್ದರು. ಮಿಸ್ ಕೈಯ ಒಂದು ಕಾರ್ಡೂ ನನ್ನ ಹತ್ತಿರ ಉಳಿದಿಲ್ಲ. ಈಗ ಇದ್ದಾರೋ ಇಲ್ಲವೋ...

ಕಡೆಯ ಸಲ ನೋಡಿದ್ದು ಬಸ್ಸಿನ ಕಿಟಕಿಯಲ್ಲಿ. ಬಸ್ಸು ಹೊರಟಾಗ ಟಾಟಾ ಮಾಡಲು ಕೈ ಎತ್ತಿದರು. ಕೆಂಪು ಬೆರಳುಗಳು. ಪಕ್ಕದ ಸೀಟಿನ ಹೆಂಗಸು ಅತ್ತ ತಿರುಗಿದ್ದೇ ತಡ, ಸಟಕ್ಕನೆ ಕೈಯನ್ನು ಸೆರಗಿನೊಳಗೆ ಎಳೆದುಕೊಂಡರು. ಮತ್ತೆ ನನ್ನ ಕಡೆ ನೋಡಲಿಲ್ಲ.