ಅಗಲ ಪರದೆಯ ಹುಡುಗ

ಯಾರ ಮನೆಗೆ ಹೋದರೂ ನಾನು ಮೊದಲು ನೋಡುವುದು ಅವರ ಟಿವಿಯಲ್ಲಿ ಚಂದ್ರ ದುಂಡಗಿದ್ದಾನೋ ಇಲ್ಲವೋ ಎಂದು. ಚಂದ್ರ ಸಿಗದಿದ್ದರೆ ಗಡಿಯಾರ, ಬಸ್ಸಿನ ಚಕ್ರ, ವಾರ್ತೆ ಓದುವವಳ ಹಣೆಯ ಬೊಟ್ಟು, ಏನಾದರೂ ಸರಿ. ಎಷ್ಟೋ ಮನೆಗಳಲ್ಲಿ ಚಂದ್ರ ಮೊಟ್ಟೆಯಾಗಿರುತ್ತಾನೆ. ಅಡ್ಡಕ್ಕೆ ಎಳೆದ ಆ ಚಿತ್ರದ ಮುಂದೆ ಮನೆಮಂದಿ ಹಾಯಾಗಿ ಚಹಾ ಕುಡಿಯುತ್ತಿರುತ್ತಾರೆ. ನನಗೆ ಮಾತ್ರ ಚಹಾ ಗಂಟಲಿಗಿಳಿಯುವುದಿಲ್ಲ, ರಿಮೋಟ್ ಎಲ್ಲಿದೆ ಎಂದು ಕಣ್ಣಲ್ಲೇ ಹುಡುಕುತ್ತೇನೆ. ನಗಬೇಡಿ, ಈ ಚಟದ ಹಿಂದೆ ನನ್ನ ಮದುವೆಯ ಕಥೆಯಿದೆ.

ಎರಡು ಸಾವಿರದ ಹತ್ತರ ಆಸುಪಾಸು. ಅಪ್ಪ, ಅಮ್ಮ, ನಾನು ಡೊಂಬಿವಲಿಯಲ್ಲಿದ್ದೆವು. ಅಪ್ಪ ಉಲ್ಹಾಸನಗರದ ಒಂದು ಉಡುಪಿ ಹೋಟೆಲಿನ ಮ್ಯಾನೇಜರ್. ನಾನು ಠಾಣೆಯ ಆಫೀಸೊಂದರಲ್ಲಿ ಇಡೀ ದಿನ ಬೇರೆಯವರ ಕಂಪ್ಯೂಟರ್ ಸರಿಮಾಡುವವಳು. ಹಳೆಯ ಮಾನಿಟರ್ ಕೆಟ್ಟಾಗ ಅಪ್ಪ ಅಂಗಡಿಗೆ ಹೋಗಿ, ದೋಸೆಯ ಕಾವಲಿ ಆರಿಸುವ ಹಾಗೆ, ಇದ್ದುದರಲ್ಲೇ ಅಗಲವಾದದ್ದನ್ನು ಹೊತ್ತು ತಂದರು. ವೈರಸ್ ಕಾಟ ತಾಳಲಾರದೆ ನಾನು ಆಗಲೇ ಮನೆಯ ಕಂಪ್ಯೂಟರಿಗೆ ಲಿನಕ್ಸ್ ಹಾಕಿದ್ದೆ. ಲಿನಕ್ಸಿಗೆ ನಮ್ಮ ಗ್ರಾಫಿಕ್ಸ್ ಕಾರ್ಡಿನ ಗುರುತು ಹತ್ತಲಿಲ್ಲ. ಗುರುತಿಲ್ಲದವರಿಗೆ ಸಿಗುವ ಸಾಧಾರಣ ಮಣೆ ಹಾಕಿತು: 1024×768, ಹಳೆಯ ಚೌಕು ಮಾನಿಟರಿನ ಅಳತೆ. ನಮ್ಮ ಹೊಸ ಪರದೆಗೆ ಬೇಕಾದದ್ದು 1440×900. ಮಾನಿಟರ್ ಪಾಪ, ಸಿಕ್ಕ ಅಷ್ಟೇ ಹಿಟ್ಟನ್ನು ಕಾವಲಿಯ ಅಂಚಿನವರೆಗೆ ಎಳೆದು ಹರಡಿತು. ಬರುವ ಭಾನುವಾರ ಸರಿಮಾಡೋಣ ಎಂದುಕೊಂಡೆ. ಭಾನುವಾರಗಳು ಬಂದವು, ಹೋದವು. ಕಣ್ಣು ಒಗ್ಗಿಕೊಂಡಿತು.

ಒಗ್ಗಿಕೊಂಡದ್ದೇನು, ಅದರಲ್ಲೊಂದು ಸುಖವೂ ಹುಟ್ಟಿಕೊಂಡಿತು. ಊಟವಾದ ಮೇಲೆ, ಲೋಕಲ್ ಗಾಡಿಯ ಸದ್ದು ಕಿಟಕಿಯಾಚೆ ಕರಗುತ್ತಿರುವಾಗ, ಹಳೆಯ ಫೋಟೋಗಳನ್ನು ಒಂದೊಂದಾಗಿ ತೆರೆಯುತ್ತ ಕೂತರೆ ಅರೆನಿದ್ದೆ ಅರೆಕನಸು. ಆ ಪರದೆಯಲ್ಲಿ ನಮ್ಮ ಬಾಲ್ಕನಿಯಲ್ಲಿ ಮಂಚ ಹಾಕಬಹುದಿತ್ತು. ಡೊಂಬಿವಲಿಯ ಖಾಡಿ, ಆ ಇಕ್ಕಟ್ಟಿನ ಹಿನ್ನೀರು, ಸಮುದ್ರವಾಗಿತ್ತು. ರೈಲಿನ ಮೂವರ ಸೀಟಿನಲ್ಲಿ ನಾಲ್ಕನೆಯವಳೂ ಪೂರ್ತಿ ಕೂತಿದ್ದಳು. ಈ ಕಡೆಯ ಜನಕ್ಕೆ ಸ್ವರ್ಗವೆಂದರೆ ಇನ್ನೂ ಸ್ವಲ್ಪ ಜಾಗ, ನಿಮಗೆ ಗೊತ್ತಲ್ಲ. “ನಮ್ಮ ಹಾಲ್ ಎಷ್ಟು ದೊಡ್ಡ ಕಾಣ್ತದೆ ಮಾರಾಯ್ತಿ!” ಎಂದು ಅಮ್ಮ ಹಿಗ್ಗಿ, ಆ ಫೋಟೋವನ್ನು ಊರಿನ ನೆಂಟರಿಗೆಲ್ಲ ಕಳಿಸಲು ಹೇಳಿದಳು.

ಅದೇ ಪರದೆಯ ಮೇಲೆ ವರಗಳೂ ಬಂದರು. ಮಾಜಿವಾಡಾದಲ್ಲಿದ್ದ ದೊಡ್ಡಮ್ಮ ಜಾತಕ, ಫೋಟೋ ಎರಡನ್ನೂ ಮೇಲ್ ಮಾಡುತ್ತಿದ್ದರು. ಭಾನುವಾರ ಊಟ ಮುಗಿಸಿ ನಾವು ಮೂವರೂ ಕುರ್ಚಿ ಎಳೆದುಕೊಂಡು ಮಾನಿಟರಿನ ಮುಂದೆ ಕೂರುವುದು. ಬಂದ ಹುಡುಗರೆಲ್ಲ ಗಲ್ಲ ತುಂಬಿದವರು, ಹೆಗಲು ಹರಡಿದವರು. ಹೋಟೆಲಿನವರಾದ ಅಪ್ಪನಿಗೆ ಪ್ರತಿಯೊಬ್ಬನೂ ಒಪ್ಪಿಗೆ. “ಉಂಡು ಬೆಳೆದ ಹುಡುಗ, ನೋಡು” ಎನ್ನುತ್ತಿದ್ದರು. ನನ್ನ ಕನಸಿನಲ್ಲಿ ಬೇರೆಯೇ ಒಬ್ಬನಿದ್ದ: ಸಪೂರ, ಉದ್ದ ಮುಖ, ರೈಲಿನ ಕಿಟಕಿಗೆ ಒರಗಿ ಹೊರಗೆ ನೋಡುತ್ತಿರುವವನು. ಹಾಗಾಗಿ ಎಲ್ಲರಿಗೂ ಬೇಡ, ಬೇಡ, ಬೇಡ. ನಮ್ಮ ಹಳೆಯ ಶಿಲ್ಪಿಗಳು ಮುಖದ ಉದ್ದವನ್ನೇ ಒಂದು ತಾಳವೆಂದು ಹಿಡಿದು ದೇವರ ಮೈಯನ್ನು ಅಳೆಯುತ್ತಿದ್ದರಂತೆ. ತಾಳ ತಪ್ಪಿದ ವಿಗ್ರಹಕ್ಕೆ ಪೂಜೆ ಸಲ್ಲದಂತೆ. ನಮ್ಮ ಹಾಲಿನಲ್ಲಿ ತಾಳ ತಪ್ಪಿದ ವರಗಳಿಗೆ ಅದೇ ಗತಿಯಾಯಿತು.

ಕೊನೆಗೆ ವಾಶಿಯ ಹುಡುಗನೊಬ್ಬನ ಫೋಟೋ ಬಂತು. ಹೆಸರು ಶ್ರೀಶ. ಬೇಲಾಪುರದಲ್ಲಿ ನೌಕರಿ, ಮನೆಯವರದು ವಾಶಿ ಮಾರ್ಕೆಟ್ ಹತ್ತಿರ ಶಾಕಾಹಾರಿ ಹೋಟೆಲ್. ಸ್ಕೂಟರ್ ಪಕ್ಕ ನಿಂತು ನಗುತ್ತಿದ್ದ. ನಗು ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಆದರೆ ಅದೇ ಗಲ್ಲ, ಅದೇ ಹೆಗಲು. ಬೇಡ ಅಂದೆ. ಫೋನಿನಲ್ಲಿ ದೊಡ್ಡಮ್ಮ ಸಿಡಿದರು: “ಅವನು ನಿನ್ನ ಫೋಟೋ ನೋಡಿ ಹೂಂ ಅಂದಿದ್ದಾನೆ ಹೆಣ್ಣೇ! ನಿಂಗೆ ಎಂತ ರಾಜಕುಮಾರ ಬೇಕಾ? ಈಗ್ಲೇ ಅವರಿಗೆ ಬೇಡ ಅಂತ ಹೇಳಿಬಿಡ್ತೇನೆ. ಇನ್ನು ನನ್ನ ಕೇಳ್ಬೇಡ.” ಫೋನ್ ಕುಕ್ಕಿದರು.

ಫೋಟೋ ಮುಚ್ಚಲು ಹೋದವಳ ಕಣ್ಣು ಸ್ಕೂಟರಿನ ಚಕ್ರದ ಮೇಲೆ ಬಿತ್ತು. ಚಕ್ರ ಒತ್ತಿದ ಗೋಳಿಬಜೆಯ ಹಾಗಿತ್ತು. ಎಷ್ಟು ಹೊತ್ತು ಅದನ್ನೇ ನೋಡಿದೆನೋ. ಉಂಡು ಬೆಳೆದ ಹುಡುಗರಿರಬಹುದು, ಉಂಡು ಬೆಳೆದ ಚಕ್ರ ಎಲ್ಲಾದರೂ ಉಂಟೇ? ಕೈಯ ಗಾಜಿನ ಬಳೆ ತೆಗೆದು ಚಕ್ರದ ಮೇಲಿಟ್ಟು, ಚಿತ್ರವನ್ನು ಹಿಗ್ಗಿಸಿ ಕುಗ್ಗಿಸಿ ನೋಡಿದೆ. ಮೇಲೆ ಕೆಳಗೆ ಕೂಡಿತು. ಎಡಬಲಕ್ಕೆ ಚಕ್ರ ಬಳೆಯಿಂದ ಹೊರಗೆ ಇಣುಕಿತು. ಅಯ್ಯೋ ದೇವರೇ, ಇಷ್ಟು ದಿನ ನಾನು ಬೇಡ ಅಂದದ್ದು ಯಾರಿಗೆ?

ಕೂಡಲೇ ಕೂತೆ. ಕಾರ್ಡಿಗೆ ತಕ್ಕ ಡ್ರೈವರ್ ಇಳಿಸಿಕೊಂಡು, ಸೆಟ್ಟಿಂಗಿನ ಫೈಲಿನಲ್ಲಿ ಅದರ ಹೆಸರು, ಪರದೆಯ ನಿಜವಾದ ಅಳತೆ ಎರಡನ್ನೂ ಬರೆದು ಮತ್ತೆ ಶುರುಮಾಡಿದೆ. ಪರದೆ ಪೂರ್ತಿ ಕಪ್ಪಾಯಿತು.

“ಹುಡುಗ ಎಲ್ಲಿ ಹೋದ?” ಅಮ್ಮ ಗಾಬರಿಯಾದಳು.

ಆ ಕಪ್ಪು ಗಾಜಿನಲ್ಲಿ ನಮ್ಮ ಮೂವರ ಮುಖ ಕಾಣುತ್ತಿತ್ತು, ಹಿಂದೆ ಕಿಟಕಿ, ಕಿಟಕಿಯಲ್ಲಿ ಒಂದು ತುಂಡು ಮೋಡ. ಇಷ್ಟು ತಿಂಗಳಲ್ಲಿ ಆ ಮಾನಿಟರ್ ಸರಿಯಾದ ಅಳತೆಯಲ್ಲಿ ತೋರಿಸಿದ ಮೊದಲ ಚಿತ್ರ ಅದು. ಅಪ್ಪ ಬಡವಾಗಿದ್ದರು. ನನಗೆ ಯಾಕೋ ಅಳು ಬಂದಂತಾಯಿತು. ಕಣ್ಣೊರೆಸಿ, ಬರಿಯ ಅಕ್ಷರಗಳ ಪರದೆಗೆ ಹೋಗಿ, ತಪ್ಪಾಗಿ ಬರೆದಿದ್ದ ಸಾಲೊಂದನ್ನು ತಿದ್ದಿದೆ. ಈ ಸಲ ಬೆಳಕು ಬಂತು.

ಚಕ್ರ ದುಂಡಗಿತ್ತು. ಬಳೆಯೊಳಗೆ ಸರಿಯಾಗಿ ಕೂತಿತು. ಪಕ್ಕದಲ್ಲಿ ಸಪೂರದ, ಉದ್ದ ಮುಖದ ಒಬ್ಬ ಅದೇ ನಗು ನಗುತ್ತಿದ್ದ.

“ಅಯ್ಯೋ, ಇಷ್ಟು ಬಡಕಲಾ!” ಅಪ್ಪನ ಮುಖ ಬಾಡಿತು. “ಹೋಟೆಲಿನವರ ಮನೆಯಲ್ಲಿ ಇವನಿಗೆ ಊಟ ಹಾಕೂದಿಲ್ವಾ?” ಅಮ್ಮ ನಮ್ಮ ಹಾಲಿನ ಫೋಟೋ ತೆರೆಸಿ ನೋಡಿ, “ಮೊದಲಿನದ್ದೇ ಚಂದ ಇತ್ತು” ಎಂದು ಎದ್ದು ಹೋದಳು.

ದೊಡ್ಡಮ್ಮನಿಗೆ ಫೋನ್ ಮಾಡಿದರೆ, ಬೇಡವೆಂದು ಹೇಳಿ ಆಗಿತ್ತು. ಇನ್ನೇನು ಮಾಡಲಿ? ಜಾತಕ ಬಂದ ಇ-ಮೇಲಿನಲ್ಲಿ ಅವನ ನಂಬರ್ ಇತ್ತು. ಬಾಲ್ಕನಿಗೆ ಹೋಗಿ ಬಾಗಿಲು ಎಳೆದುಕೊಂಡು ನಾನೇ ಒತ್ತಿದೆ. ಆ ಕಡೆ ತಟ್ಟೆಗಳ ಸದ್ದು.

“ಹಾಂ, ಬೋಲಿಯೇ.”

ಹೆಸರು ಹೇಳಿ, ಗ್ರಾಫಿಕ್ಸ್ ಕಾರ್ಡಿನಿಂದ ಶುರುಮಾಡಿ ಸ್ಕೂಟರಿನ ಚಕ್ರದವರೆಗೆ ಒಂದೇ ಉಸಿರಿನಲ್ಲಿ ಒದರಿದೆ.

“ಮತ್ಲಬ್, ನಾನು ಮೋಟಾ, ದಪ್ಪ ಅಂತ ನೀವು ಬೇಡ ಅಂದ್ರಾ?”

“ಹೌದು” ಅಂದೆ.

ಅವನೆಂದ: “ನಮ್ಮ ಹೋಟೆಲ್ ಗಲ್ಲಾದ ಕಂಪ್ಯೂಟರಲ್ಲೂ ಸೇಮ್ ಪ್ರಾಬ್ಲಮ್. ಎಲ್ಲ ಎಳೆದ ಹಾಗೆ ಕಾಣ್ತದೆ. ನಿಮ್ಮ ಫೋಟೋ ಅದ್ರಲ್ಲೇ ನೋಡಿದ್ದು.”

“ಮತ್ತೆ?”

“ಮತ್ತೆ ಎಂತ? ನಾನು ಹೂಂ ಅಂದಿದ್ದೆ.”

ನಾಚಿಕೆಯಿಂದ ಸತ್ತೇಹೋದೆ, ಅಷ್ಟೇ ಸಂತೋಷವೂ ಆಯಿತು. ಕೆಳಗೆ ರಿಕ್ಷಾಗಳು, ತರಕಾರಿ ಮಾರುವ ಭಾಜಿಯವನ ಕೂಗು, ಎಲ್ಲ ದೂರದಲ್ಲೆಲ್ಲೋ ತೇಲುತ್ತಿದ್ದವು. “ಆ ಕಂಪ್ಯೂಟರ್ ಸರಿಮಾಡ್ಲಿಕ್ಕೆ ನಾನು ಬರ್ಲಾ?” ಎಂದುಬಿಟ್ಟೆ. “ಬನ್ನಿ, ಮಸಾಲೆದೋಸೆ ನನ್ನ ಕಡೆಯಿಂದ” ಎಂದ.

ಈಗ ನಾವು ವಾಶಿಯಲ್ಲಿದ್ದೇವೆ. ಮನೆಯ ಪರದೆಗಳಲ್ಲೆಲ್ಲ ಚಂದ್ರ ದುಂಡಗಿದ್ದಾನೆ, ಅದು ನನ್ನ ಜವಾಬ್ದಾರಿ. ಮೊನ್ನೆ ಭಾನುವಾರ ಸ್ಕೂಟರಿನ ಆ ಹಳೆಯ ಫೋಟೋ ತೆರೆದು, ಸೋಫಾದ ಮೇಲೆ ಬಾಯಿ ತೆರೆದು ನಿದ್ರಿಸುತ್ತಿದ್ದ ಶ್ರೀಶನನ್ನೂ ಅದನ್ನೂ ಬದಲಿಸಿ ಬದಲಿಸಿ ನೋಡಿದೆ. ಉದ್ದ ಮುಖ ಎಲ್ಲೋ ಹೋಗಿದೆ. ಗಲ್ಲ ತುಂಬಿದೆ, ಹೆಗಲು ಹರಡಿದೆ. ಯಾವ ಡ್ರೈವರಿನ ನೆರವೂ ಇಲ್ಲದೆ ಅವನು ಮೆಲ್ಲಗೆ ಆ ಹಳೆಯ ಪರದೆಯ ಅಳತೆಗೆ ಬಂದು ಮುಟ್ಟಿದ್ದಾನೆ. ಅಪ್ಪನಿಗೆ ಈಗ ಅಳಿಯನ ಮೇಲೆ ಪೂರ್ತಿ ವಿಶ್ವಾಸ. ಡೊಂಬಿವಲಿಯ ಮಾನಿಟರನ್ನು ಸುಮ್ಮನೆ ಬೈದೆ ಅನಿಸಿತು. ಅದು ನಿಜವನ್ನೇ ತೋರಿಸಿತ್ತು, ಸ್ವಲ್ಪ ಬೇಗ ತೋರಿಸಿತ್ತು. ನಗುತ್ತ ಎದ್ದು, ಕಪಾಟಿನಲ್ಲಿ ಜೋಪಾನವಾಗಿ ಇಟ್ಟಿದ್ದ ಆ ಗಾಜಿನ ಬಳೆಯನ್ನು ತೆಗೆದು ಕೈಗೇರಿಸಲು ನೋಡಿದೆ.

ಏರಲಿಲ್ಲ.