ಸಣ್ಣಮಾವನ ದವಡೆ

ಇವತ್ತು ಬೆಳಿಗ್ಗೆ ಕಾಫಿ ಕಣದಲ್ಲಿ ತೇವ ಅಳೆಯುವ ಯಂತ್ರ, ಬೀಜ ಒಣಗಿದೆ ಎಂದು ಅಂಕಿ ತೋರಿಸಿತು. ಏನು ಮಾಡಲಿ, ನನಗೆ ನಂಬಿಕೆ ಬರಲಿಲ್ಲ. ಹರಡಿದ್ದ ಪಾರ್ಚ್‌ಮೆಂಟಿನಿಂದ, ಅಂದರೆ ತೆಳು ಸಿಪ್ಪೆಯ ಕಾಫಿಯಿಂದ, ಒಂದು ಬೀಜ ಎತ್ತಿ, ಉಗುರಿನಲ್ಲಿ ಸಿಪ್ಪೆ ಬಿಡಿಸಿ, ಹಲ್ಲಿನ ನಡುವೆ ಇಟ್ಟೆ. ನಮ್ಮ ಕಡೆಯ ಬೆಳೆಗಾರರ ಹಳೆಯ ಅಭ್ಯಾಸ ಇದು. ಹಲ್ಲು ಒಳಗೆ ಊರಿದರೆ ಹಸಿ, ‘ಟಕ್’ ಎಂದರೆ ಒಣಗಿದೆ. ಬಾಯಿಗೆ ಬರುವುದು ನೀವು ಕುಡಿಯುವ ಕಾಫಿಯ ರುಚಿಯಲ್ಲ ಮತ್ತೆ, ಹಸಿ ಹುಲ್ಲಿನದು. ಆ ರುಚಿ ತಾಗಿದ ಕೂಡಲೇ ನನಗೆ ಸಣ್ಣಮಾವ ನೆನಪಾಗುತ್ತಾರೆ.

ಸಣ್ಣಮಾವ ಎಂದರೆ ಅಮ್ಮನ ಕೊನೆಯ ತಮ್ಮ. ಬಾಳೂರಿನ ಹತ್ತಿರ ಅವರದು ಎಂಟೇ ಎಕರೆ ತೋಟ. ಆದರೆ ಅವರ ದವಡೆಯ ಅಧಿಕಾರ ಸುತ್ತಲಿನ ತೋಟಗಳಿಗೆಲ್ಲ ನಡೆಯುತ್ತಿತ್ತು. ಅವರು ಕಚ್ಚಿ, “ಆಯ್ತು, ತುಂಬಿ” ಎನ್ನುವವರೆಗೆ ದೊಡ್ಡ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಕೂಡ ಚೀಲ ಬಿಡಿಸುತ್ತಿರಲಿಲ್ಲ. ಮದುವೆ ಮನೆಯಲ್ಲಿ ಎಲೆಯ ಮುಂದೆ ಕೂತಾಗಲೂ ಯಾರೋ ಜೇಬಿನಿಂದ ಬೀಜ ತೆಗೆದು ಕೊಡುವರು. ಮಾವ ಪಾಯಸ ಬಿಟ್ಟು ಅದನ್ನು ಕಚ್ಚುವರು. ನಾನೂ ಶಿಷ್ಯನಾಗಲು ಹೋಗಿ ಮೊದಲ ದಿನವೇ ಹಲ್ಲಿನ ಒಂದು ಮೂಲೆ ಕಳೆದುಕೊಂಡೆ. “ನಿಂದು ಉಪ್ಪಿಟ್ಟು ತಿನ್ನೋ ಹಲ್ಲು ಮಾರಾಯ” ಎಂದುಬಿಟ್ಟರು.

ಒಂದು ಸುಗ್ಗಿಯಲ್ಲಿ ಅನಾಹುತವಾಯಿತು. ಮಾವ ಒಣಗಿದೆ ಎಂದಿದ್ದ ನಮ್ಮ ಕಾಫಿ ಚೀಲದೊಳಗೇ ಬೂಷ್ಟು ಹಿಡಿಯಿತು. ಪಕ್ಕದ ತೋಟದವರದೂ ಹಿಡಿಯಿತು. ಕೆಲವರು ಮಂಜನ್ನು ಬೈದರು, ನಾನು ಚೀಲವನ್ನು ಬೈದೆ. ದವಡೆಯನ್ನು ಬೈಯುವ ಧೈರ್ಯ ಯಾರಿಗೂ ಬರಲಿಲ್ಲ.

ಅತ್ತೆ ಮಾತ್ರ ಕೆಲವು ದಿನಗಳಿಂದ ನೋಡುತ್ತಿದ್ದರಂತೆ. ಗಂಡ ಅಕ್ಕಿರೊಟ್ಟಿಯನ್ನು ಸಾರಿನಲ್ಲಿ ನೆನೆಸಿ, ಒಂದೇ ಬದಿಯಲ್ಲಿ ಅಗಿಯುತ್ತಿದ್ದಾರೆ. ನನ್ನ ಎದುರಿಗೇ ಒಂದು ಚಕ್ಕುಲಿ ತಂದು ಅವರ ಮುಂದಿಟ್ಟರು.

“ಎಲ್ಲಿ, ಕಚ್ಚಿ ನೋಡುವ.”

“ಹಸಿವಿಲ್ಲ ಕಣೆ.”

“ಚಕ್ಕುಲಿಗೆ ಎಂಥ ಹಸಿವು ಬೇಕು? ಕಚ್ಚಿ.”

ಮಾವ ಚಕ್ಕುಲಿಯನ್ನೂ ನನ್ನನ್ನೂ ನೋಡಿ ತಲೆ ತಗ್ಗಿಸಿದರು. “ಸುಗ್ಗಿ ಶುರುವಾದಾಗಿಂದ ಒಂದು ಬೀಜನೂ ಕಚ್ಚಿಲ್ಲ. ನೋವು ತಡಿಯೋಕಾಗಲ್ಲ. ಬಾಯಲ್ಲಿಟ್ಕೊಂಡು ನಾಲಿಗೇಲಿ ಟಕ್ ಅನ್ನಿಸ್ತಿದ್ದೆ.”

ನಾನು ಹೊಟ್ಟೆ ಹಿಡಿದು ನಕ್ಕೆ. ಅತ್ತೆ ಮಾತ್ರ ಅವರ ಕೆನ್ನೆ ಮುಟ್ಟಿ ನೋಡಿ, ಒಳಗಿನ ಗಂಟು ಕೈಗೆ ಸಿಕ್ಕಿದ್ದೇ ಅವರನ್ನು ಡಾಕ್ಟರ ಹತ್ತಿರ ಹೊರಡಿಸಿದರು.

ಮೂಡಿಗೆರೆಯ ಹಲ್ಲಿನ ಡಾಕ್ಟರು ಎಕ್ಸ್‌ರೇ ನೋಡಿದವರೇ ಇಕ್ಕಳ ಕೆಳಗಿಟ್ಟು, ಘಟ್ಟ ಇಳಿದು ಮಂಗಳೂರಿಗೆ ಹೋಗಿ ಎಂದರು. ಅಲ್ಲಿ ಗಂಟಿನ ಚೂರು ತೆಗೆದು ಪರೀಕ್ಷಿಸಿದರು. ಡಾಕ್ಟರಮ್ಮ ನಿಧಾನವಾಗಿ ಬಿಡಿಸಿ ಹೇಳಿದರು: ನಮ್ಮ ಮಜ್ಜೆಯಲ್ಲಿ ಪ್ಲಾಸ್ಮಾ ಕಣಗಳು ಎಂದಿರುತ್ತವೆ, ರೋಗದಿಂದ ನಮ್ಮನ್ನು ಕಾಯುವುದು ಅವುಗಳ ಕೆಲಸ, ಇವರಲ್ಲಿ ಅವೇ ಕ್ಯಾನ್ಸರಾಗಿ ದವಡೆಯ ಮೂಳೆಯನ್ನು ತಿನ್ನುತ್ತಿವೆ.

“ಅಂದ್ರೆ ಬೇಲಿನೇ ಎದ್ದು ಹೊಲ ಮೇದ ಹಾಗಾಯ್ತು” ಎಂದರು ಮಾವ. ಎಕ್ಸ್‌ರೇಯ ಕಪ್ಪು ತೂತು ನೋಡಿ, “ಇದು ನಮ್ಮ ಕಾಂಡ ಕೊರೆಯೋ ಬೋರರ್ ಹುಳಾನೇ. ಬೋರರ್ ಹೊಕ್ಕ ಕಾಫಿ ಗಿಡಾನ ನಾವು ಕಿತ್ತು ಸುಡ್ತೇವೆ ಡಾಕ್ಟ್ರೇ. ನೀವು?”

“ನಾವು ಕೀಳೋದಿಲ್ಲ, ರೇಡಿಯೇಷನ್ ಕೊಡ್ತೇವೆ. ಆದ್ರೆ ಬೇರೆ ಮೂಳೆಗೂ ಹೋಗಿದ್ಯಾ ಅಂತ ಮೊದ್ಲು ನೋಡ್ಬೇಕು.”

ಮಾವ ಮತ್ತೆ ತಮಾಷೆ ಮಾಡಲಿಲ್ಲ. ಆ ರಿಪೋರ್ಟುಗಳು ಬರುವವರೆಗೆ ನಾನು ದಿನಾ ಅತ್ತೆಗೆ ಫೋನ್ ಮಾಡುತ್ತಿದ್ದೆ. ನಕ್ಕಿದ್ದೆನಲ್ಲ ಎಂದು ನಾಚಿಕೆಯೂ ಆಯಿತು.

ಪುಣ್ಯಕ್ಕೆ ಅದು ದವಡೆ ಬಿಟ್ಟು ಎಲ್ಲೂ ಹೋಗಿರಲಿಲ್ಲ. ಐದು ವಾರ ರೇಡಿಯೇಷನ್ ಆಯಿತು. ಮುಂದೆಂದಾದರೂ ಬೇರೆ ಮೂಳೆಯಲ್ಲಿ ಕಾಣಿಸಿಕೊಳ್ಳಬಹುದು, ಚೆಕಪ್ ತಪ್ಪಿಸಬೇಡಿ, ಗಟ್ಟಿ ಪದಾರ್ಥ ಕಚ್ಚಬೇಡಿ ಎಂದು ಕಳಿಸಿದರು. ಊರಲ್ಲಿ ಮಾತ್ರ, ಬೀಜ ಕಚ್ಚಿದ್ದಕ್ಕೇ ಬಂತಂತೆ ಎಂದು ಸುದ್ದಿ. ಡಾಕ್ಟರು ಹಾಗೆ ಹೇಳಲೇ ಇಲ್ಲ ಎಂದರೆ ಕೇಳುವವರು ಯಾರು? ಎಲ್ಲರೂ ಬಾಯಿ ಮುಚ್ಚಿಕೊಂಡು ಯಂತ್ರ ತರಿಸಿದರು, ನಾನೂ ತರಿಸಿದೆ. ಅಧಿಕಾರ ಹೋದ ಮಾವ ಮೆತ್ತಗಿನ ಕಡುಬು ತಿನ್ನುತ್ತಾ ಮೆತ್ತಗಾದರು. ನೋಡಲಾರದೆ ನಾನೇ ಒಂದು ಉಪಾಯ ಮಾಡಿದೆ: ನಾನು ಕಚ್ಚುವುದು, ಅವರು ಫೋನಿನಲ್ಲಿ ಕೇಳಿ ತೀರ್ಪು ಕೊಡುವುದು.

ಇವತ್ತು ಅವರು ಚೆಕಪ್ಪಿಗೆಂದು ಮಂಗಳೂರಿನಲ್ಲಿದ್ದರು. ರಿಪೋರ್ಟ್ ಏನಾಯಿತೋ ಎಂದು ಕೇಳಲು ಹೆದರಿಕೆ. ಹಾಗಾಗಿ ಫೋನ್ ಹಚ್ಚಿ ಬೀಜದ ಮಾತೇ ಎತ್ತಿದೆ.

“ಮಾವ, ಕೇಳಿಸ್ಕೊಳ್ಳಿ.” ಕಚ್ಚಿದೆ.

“ಇನ್ನೊಂದು ಬಿಸಿಲು ಬೇಕು.”

“ಯಂತ್ರ ಸಾಕು ಅಂತದೆ.”

“ಯಂತ್ರಕ್ಕೆ ಹಲ್ಲುಂಟನಾ? ಒಣಗಿದ್ದರ ಸದ್ದು ಹೇಗಿರ್ತದೆ ಕೇಳು.”

ಆ ಕಡೆಯಿಂದ ‘ಟಕ್’ ಎಂದಿತು. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ. ಇವರನ್ನಂತೂ ಐದು ವಾರ ಸುಟ್ಟಿದ್ದಾರೆ. ಆದರೂ ನನಗೆ ಅನುಮಾನ.

“ಮಾವ, ಅದು ನಾಲಿಗೆಯಲ್ವಾ?”

ಅವರು ಉತ್ತರಿಸುವ ಮೊದಲೇ ಅತ್ತೆಯ ಕೂಗು ಕೇಳಿಸಿತು: “ರೀ, ಉಗೀರಿ ಅದನ್ನ! ಎಲ್ಲ ಸರಿಯಾಗಿದೆ ಅಂತ ಡಾಕ್ಟ್ರು ಹೇಳಿ ಐದು ನಿಮಿಷ ಆಗಿಲ್ಲ, ಜೇಬಲ್ಲಿ ಬೀಜ ಇಟ್ಕೊಂಡು ಬಂದಿದೀರಾ?”

ಫೋನ್ ಇಟ್ಟು ಕಣ್ಣೊರೆಸಿಕೊಂಡೆ. ಯಂತ್ರವನ್ನು ಆಫ್ ಮಾಡಿ, ಕಾಫಿಯನ್ನು ಇನ್ನೊಂದು ಬಿಸಿಲಿಗೆ ಹರಡಿದೆ.