ಮರ ಬಾಯಿ ಮುಚ್ಚುವ ಕಡೆ

ಮೊನ್ನೆ ನಮ್ಮ ಓಣಿಯಲ್ಲಿ ಕರೆಂಟ್ ತಂತಿಗೆ ತಾಗುತ್ತಿದ್ದ ಬೇವಿನ ಕೊಂಬೆಗಳನ್ನು ಕೊಯ್ಯಲು ಬಂದಿದ್ದರು. ಬಿಸಿ ಎಣ್ಣೆಯ ವಾಸನೆ, ಅದರೊಳಗೆ ಬೆರೆತ ಹಸಿ ಬೇವಿನ ಹೊಟ್ಟಿನ ಕಹಿ. ಕಟ್ಟೆಯ ಮೇಲೆ ಚಹಾ ಕುಡಿಯುತ್ತ ಕೂತಿದ್ದವನು ಲೋಟ ಕೆಳಗಿಟ್ಟೆ. ನಾನು ಆ ಮರ ಕೊಯ್ಯುವ ಮಿಷಿನ್ ಬಿಟ್ಟು ಎಷ್ಟೋ ವರ್ಷವಾಯಿತು. ಮೂಗು ಮಾತ್ರ ಇನ್ನೂ ಬಿಟ್ಟಿಲ್ಲ. ಆ ವಾಸನೆಯ ಹಿಂದೆಯೇ ಕೊಟ್ಟೂರಿನ ಅಂಗಡಿ ಅಕ್ಕ ನೆನಪಾದಳು...

ಬಜಾರದಿಂದ ಸ್ವಲ್ಪ ಒಳಗೆ ಅವಳ ಅಂಗಡಿ. ಗಂಡ ಪಂಪ್‌ಸೆಟ್ ರಿಪೇರಿಗೆಂದು ಹಳ್ಳಿ ಹಳ್ಳಿ ತಿರುಗುತ್ತಿದ್ದ. ಗಲ್ಲಾದ ಮುಂದೆ ಕೂರುವವಳು ಅಕ್ಕ. ವಾಶರ್, ಬೆಲ್ಟುಗಳ ನಡುವೆ ಗೋಡೆಯ ಮೊಳೆಗೆ ಮರ ಕೊಯ್ಯುವ ಮಿಷಿನ್ನಿನ ಚೈನುಗಳು, ಬಾರ್‌ಗಳು ತೂಗುತ್ತಿದ್ದವು. ಬಾರ್ ಅಂದರೆ ಚೈನು ಸುತ್ತಿ ಓಡುವ ಉದ್ದನೆಯ ಉಕ್ಕಿನ ಪಟ್ಟಿ. ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ನಮ್ಮ ಕಡೆ ಆ ಮಿಷಿನ್ ಇನ್ನೂ ಹೊಸದು. ಅದನ್ನು ಹಿಡಿದವನಿಗೆ ಕೊಡಲಿ ಹಿಡಿದವರ ಮುಂದೆ ಎಲ್ಲಿಲ್ಲದ ಜಂಬ. ನನಗಂತೂ ತುಸು ಹೆಚ್ಚೇ ಇತ್ತು.

ಮಿಷಿನ್ ನನ್ನದೇನಲ್ಲ, ನಮ್ಮ ಹರಪನಹಳ್ಳಿ ಸೀಮೆಯ ಅರಸೀಕೆರೆಯ ಕಟ್ಟಿಗೆ ಸಾಹುಕಾರರದು. ಹಡಗಲಿಯಿಂದ ಹರಪನಹಳ್ಳಿಯವರೆಗೆ ಅವರ ಮರ ಕೊಯ್ಯುವ ತಂಡಗಳಿದ್ದವು. ಅವರದು ಒಂದೇ ಕಾನೂನು. ಮರಕ್ಕೆ ಬಾರ್ ಕಚ್ಚಿಸಿ, ಅಂದರೆ ಕೊಯ್ದ ಸೀಳಿನಲ್ಲಿ ಸಿಕ್ಕಿಸಿ, ಕೆಡಿಸಿದವನ ಕೈಗೆ ಮತ್ತೆ ಮಿಷಿನ್ ಇಲ್ಲ. ನನಗಿಂತ ಮುಂಚೆ ಇಬ್ಬರು ಹಾಗೆ ಕೊಡಲಿಗೆ ಮರಳಿದ್ದರು.

ಒಮ್ಮೆ ಹೊಸ ಬಾರ್ ತರಲು ಸಾಹುಕಾರರು ನನ್ನನ್ನೇ ಕಳಿಸಿದರು. ಅಂಗಡಿಗೆ ಹೋದವನೇ ಎಲ್ಲಕ್ಕಿಂತ ಉದ್ದನೆಯದಕ್ಕೆ ಬೆರಳು ತೋರಿಸಿದೆ. ಬಾರ್ ಉದ್ದ ಇದ್ದವನೇ ದೊಡ್ಡ ಮೇಸ್ತ್ರಿ ಅಂತ ನಮ್ಮೊಳಗೆ ಒಂದು ಹುಚ್ಚು ಲೆಕ್ಕ.

"ಹಳೇದು ತಂದೀಯೇನು ತಮ್ಮಾ?" ಅಂದಳು ಅಕ್ಕ.

ಹಳೆಯದನ್ನು ನೋಡದೆ ಅವಳು ಯಾರಿಗೂ ಹೊಸದು ಕೊಡುತ್ತಿರಲಿಲ್ಲ. ಬಾರಿನ ಬುಡದಲ್ಲಿ ಕೊರೆದ ನಂಬರು ಓದಿದಳು. ಚೈನಿನ ಒಳಹಲ್ಲು, ಅಂದರೆ ಬಾರಿನ ಸೀಳಿನೊಳಗೆ ಕೂತು ಓಡುವ ಹಲ್ಲುಗಳನ್ನು ಹೆಬ್ಬೆರಳಿನಿಂದ ಒಂದೊಂದಾಗಿ ಸರಿಸುತ್ತ ಎಣಿಸಿದಳು. ಹಲ್ಲಿನ ದಪ್ಪ, ಸೀಳಿನ ಅಗಲ ಹೊಂದುತ್ತವೋ ಇಲ್ಲವೋ ನೋಡಿದಳು. ಬಳೆಗಾರ್ತಿ ಕೈ ಹಿಡಿದು ನೋಡಿ ಬಳೆ ಆರಿಸುವ ಹಾಗಿತ್ತು ಅವಳ ರೀತಿ.

"ಉದ್ದಂದು ಬ್ಯಾಡ. ನಿನ್ನ ಎಂಜಿನ್ ಸಣ್ಣದೈತಿ, ಎಳ್ಯಾಂಗಿಲ್ಲ. ಹಾಸಿಗಿ ಇದ್ದಷ್ಟು ಕಾಲು ಚಾಚು" ಅಂದು, ಹಳೆಯದರ ಅಳತೆಯದೇ ಹೊಸ ಬಾರ್, ಅದಕ್ಕೆ ಸರಿಹೋಗುವ ಚೈನು ತೆಗೆದಿಟ್ಟಳು. ಮನೆಯ ಸಮಾಚಾರ ಕೇಳಿದಳು. ಹೆಂಡತಿಗೆ ಏಳು ತಿಂಗಳು ಅಂತ ನಾನು ನಾಚುತ್ತ ಹೇಳಿದೆ. ಗಂಡಸರ ಸಾಮಾನು ಮಾರುವ ಹೆಣ್ಣುಮಗಳಿಗೆ ಮಿಷಿನ್ನಿನ ಬಗ್ಗೆ ಏನು ಗೊತ್ತು ಅಂತ ಒಳಗೊಳಗೇ ಬೈದುಕೊಂಡು ಬಸ್ ಹತ್ತಿದೆ.

ಆಮೇಲೆ ಹದಿನೈದು ದಿನ ಆಗಿರಬೇಕು... ನೀಲಗುಂದದ ಹತ್ತಿರ ಒಂದು ಹುಣಸೆ ಮರ ಉರುಳಿಸಿದ್ದೆವು. ಅದರ ಬೊಡ್ಡೆ ತಗ್ಗಿನ ಮೇಲೆ ಸೇತುವೆಯ ಹಾಗೆ ಬಿದ್ದಿತ್ತು. ಎರಡೂ ತುದಿಗೆ ನೆಲದ ಆಸರೆ, ನಡುವೆ ಖಾಲಿ. ನಾನು ಮೇಲಿನಿಂದ ಮಿಷಿನ್ ಇಟ್ಟು ಒಂದೇ ಸಮ ಕೊಯ್ಯುತ್ತ ಹೋದೆ. ಅರ್ಧ ದಾಟಿತ್ತು. ಬೊಡ್ಡೆ ನಡುವೆ ಕುಸಿದು, ಕೊಯ್ದ ಸೀಳು ಮುಚ್ಚಿ, ಬಾರನ್ನು ಗಪ್ಪನೆ ಕಚ್ಚಿಕೊಂಡಿತು. ಆಗಲಾದರೂ ಎಂಜಿನ್ ನಿಲ್ಲಿಸಿ ಸೀಳಿಗೆ ಒಂದು ಕಟ್ಟಿಗೆ ಬೆಣೆ ಹೊಡೆದು ಬಿಡಿಸಿಕೊಳ್ಳಬಹುದಿತ್ತು. ನಾನು ಮರದ ಮೇಲೆ ಸಿಟ್ಟಾದೆ. ಎಂಜಿನ್ ಏರಿಸಿ, ಅತ್ತ ಇತ್ತ ತಿರುಚಿ ಜಗ್ಗಿದೆ. ಹೊರಬಂದಾಗ ಬಾರ್ ಸೊಟ್ಟಗಾಗಿತ್ತು.

ಅಷ್ಟರಲ್ಲಿ ಸಾಹುಕಾರರ ಮೋಟಾರ್‌ಸೈಕಲ್ ಬಂದು ನಿಂತಿತು. ಕೊಡಲಿ ಕಣ್ಣ ಮುಂದೆ ಬಂತು. ಹೆಂಡತಿಯ ಮುಖವೂ ಬಂತು. ನನ್ನ ಬಾಯಿಂದ ಬಂದ ಮಾತು ಒಂದೇ, "ಬಾರ್ ಡೂಪ್ಲಿಕೇಟ್ ಐತ್ರಿ." ಕುಣಿಯಲು ಬಾರದವಳು ನೆಲ ಡೊಂಕು ಅಂದಳಂತೆ. ನಾನು ಅವಳಿಗಿಂತ ಕಡೆ. ನೆಲಕ್ಕೆ ಹೆಸರು ಕೆಡುವ ಭಯವಿಲ್ಲ, ಅಂಗಡಿಗೆ ಇರುತ್ತದೆ.

ಸಾಹುಕಾರರು ನನ್ನನ್ನು ಹಿಂದೆ ಕೂರಿಸಿಕೊಂಡು ನೇರ ಕೊಟ್ಟೂರಿಗೆ ಹೊರಟರು. ಸಂತೆಯ ದಿನ, ಅಂಗಡಿಯ ಮುಂದೆ ಜನವೋ ಜನ. "ಇಂಥಾ ಮಾಲು ಮಾರ್ತೀರೇನ್ರಿ?" ಅಂತ ಬಾರನ್ನು ಗಲ್ಲಾದ ಮೇಲೆ ಒಗೆದರು. ಅಕ್ಕ ಅದನ್ನೆತ್ತಿ ಒಂದು ಕಣ್ಣು ಮುಚ್ಚಿ ಉದ್ದಕ್ಕೂ ನೋಡಿದಳು. ಅಂಚಿನ ಮೇಲೆ ಬೆರಳಾಡಿಸಿದಳು. ಒಂದು ಕಡೆ ಚೈನು ಉಜ್ಜಿ ಕಾದು ಉಕ್ಕು ನೀಲಿಗಟ್ಟಿದ್ದಲ್ಲಿ ಬೆರಳು ನಿಂತಿತು. ನನ್ನ ಕಡೆ ನೋಡಿದಳು. ನಾನು ನೆಲ ನೋಡಿದೆ.

"ಮಾಲು ಕೆಟ್ಟಿರಬೇಕ್ರಿ. ಬ್ಯಾರೇದು ಕೊಡ್ತೀನಿ" ಅಂದಳು.

ಅವಳ ಬಾಯಿಂದಲೇ ಆ ಮಾತು ಬಂದ ಮೇಲೆ ಕೇಳಬೇಕೇ? ಸಾಹುಕಾರರು ಹೋದಲ್ಲೆಲ್ಲ ಅದನ್ನೇ ಹೇಳಿದರು. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ ಕಡೆಯ ಮರ ಕೊಯ್ಯುವವರೂ ಸಾಮಾನಿಗೆ ಹೊಸಪೇಟೆಯ ಬಸ್ ಹತ್ತತೊಡಗಿದರು. ನನಗೆ ಮಗಳು ಹುಟ್ಟಿದಳು. ಮಿಷಿನ್ ನನ್ನ ಕೈಯಲ್ಲೇ ಉಳಿಯಿತು.

ಒಂದು ಬೇಸಿಗೆಯ ಮಧ್ಯಾಹ್ನ, ತಡೆಯಲಾರದೆ ಒಬ್ಬನೇ ಹೋದೆ. ಗೋಡೆಯ ಮೇಲಿನ ಬಾರ್‌ಗಳಿಗೆ ಧೂಳು ಹಿಡಿದಿತ್ತು. ಅಕ್ಕ ಕೈಚೀಲದ ಕಾಯಿಪಲ್ಲೆ ಹಸನು ಮಾಡುತ್ತಿದ್ದಳು.

"ಅಕ್ಕಾ, ತಪ್ಪು ನಂದು."

"ಅವತ್ತ ಗೊತ್ತಾತಪಾ. ಮರ ಕಚ್ಚಿದ ಬಾರು ಎಷ್ಟು ನೋಡಿಲ್ಲ ನಾನು?"

"ಮತ್ತ ಯಾಕ ಹೇಳ್ಲಿಲ್ಲ?"

"ಹೇಳಿದ್ರ ನಿನ್ನ ಕೈಯಾಗ ಮಿಷಿನ್ ಉಳಿತಿತ್ತೇನು? ಮನ್ಯಾಗ ಬಸುರಿ ಹೆಂಗಸು. ಅಂಗಡಿದು ಹೆಂಗರ ನಡಿತೈತಿ ಅನಕೊಂಡೆ."

ಆಮೇಲೆ ಏನೂ ಆಗಿಲ್ಲವೆಂಬಂತೆ ಒಂದು ಉದ್ದನೆಯ ಹೀರೇಕಾಯಿ ತೆಗೆದು ಎರಡು ಡಬ್ಬಿಗಳ ಮೇಲೆ ಅಡ್ಡ ಇಟ್ಟಳು. ಒಂದು ಕೈಯಿಂದ ನಡುವೆ ಒತ್ತಿ ಹಿಡಿದು, ಪಕ್ಕದಲ್ಲೇ ಮೇಲಿನಿಂದ ಚಾಕು ಇಳಿಸಿದಳು. ಅರ್ಧಕ್ಕೆ ಹೋಗುವಷ್ಟರಲ್ಲಿ ಚಾಕು ಬಿಗಿಯಾಯಿತು.

"ನೋಡು, ಮ್ಯಾಲೆ ಬಾಯಿ ಮುಚ್ಚತೈತಿ, ಕೆಳಗ ಬಾಯಿ ತೆರಿತೈತಿ. ಮುಚ್ಚೋ ಕಡಿಂದ ಒಂದೀಟ ಕೊಯ್ಯಿ, ಉಳದದ್ದು ತೆರಿಯೋ ಕಡಿಂದ ಕೊಯ್ಯಿ. ಒಂದ ತುದಿ ಗಾಳ್ಯಾಗ ಜೋತು ಬಿದ್ದಿದ್ರ ಇದರ ಉಲ್ಟಾ. ಬೆಣಿ ಕಟ್ಟಿಗಿದ ಇಟಗ, ಕಬ್ಬಣದ್ದು ತಾಗಿದ್ರ ಚೈನಿನ ಹಲ್ಲು ಹೋಗತಾವು."

ಮಿಷಿನ್ ಮುಟ್ಟದವಳಿಗೆ ಇದೆಲ್ಲ ಹೇಗೆ ಗೊತ್ತು ಅಂತ ಕೇಳಿದೆ. "ಕೆಡಿಸಿಕೊಂಡು ಬಂದೋರೆಲ್ಲ ನನಗ ಮಾಸ್ತರು" ಅಂತ ನಕ್ಕಳು. ಆ ನಗು ನೋಡಿ ನನಗೆ ಅಳು ಬಂತು. ಸಾಹುಕಾರರ ಮುಂದೆ ನಿಜ ಹೇಳುತ್ತೇನೆ ಅಂತ ಅವಳಿಗೆ ಮಾತು ಕೊಟ್ಟು ಬಂದೆ.

ಹೇಳಲಿಲ್ಲ. ಈ ಮರ ಮುಗಿಯಲಿ, ಮಗಳ ಜವಳ ಮುಗಿಯಲಿ, ಮಳೆಗಾಲ ಕಳೆಯಲಿ... ಹೇಡಿಗೆ ಪಂಚಾಂಗದಲ್ಲಿ ಒಳ್ಳೆಯ ದಿನವೇ ಸಿಗುವುದಿಲ್ಲ. ಅಷ್ಟರಲ್ಲಿ ಅಂಗಡಿ ಮುಚ್ಚಿತು. ಅಕ್ಕ, ಅವಳ ಗಂಡ ಇಬ್ಬರೂ ತಮ್ಮ ಮಗಳ ಊರಿಗೆ ಹೋದರು ಅಂದರು. ಅಕ್ಕ ತೀರಿಕೊಂಡ ಸುದ್ದಿ ಹರಪನಹಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಯಾರದೋ ಬಾಯಿಂದ ಕೇಳಿದೆ. ಅದೂ ಅವಳು ಹೋಗಿ ಎರಡು ವರ್ಷವಾದ ಮೇಲೆ.

ಬೇವಿನ ಕೊಂಬೆ ಕೊಯ್ದ ಮರುದಿನ ಅರಸೀಕೆರೆಗೆ ಹೋದೆ. ಸಾಹುಕಾರರಿಗೆ ಈಗ ವಯಸ್ಸಾಗಿದೆ, ಆದರೆ ನನ್ನ ಗುರುತು ಹಿಡಿದರು. ಹಳೆಯ ತಂಡದವರ ಹೆಸರನ್ನೆಲ್ಲ ಒಂದೊಂದಾಗಿ ಹೇಳಿ ವಿಚಾರಿಸಿದರು. ನಿಂತೇ ಹೇಳಿದೆ, "ಸಾವ್ಕಾರ್ರ, ಅವತ್ತು ನೀಲಗುಂದದಾಗ ಬಾರ್ ಚಲೋ ಇತ್ರಿ. ಮರಕ್ಕ ಕಚ್ಚಿಸಿದಾವ ನಾನು. ಕೊಟ್ಟೂರ ಅಕ್ಕಂದು ಏನೂ ತಪ್ಪಿರಲಿಲ್ಲ."

ಅವರು ಹಣೆ ಉಜ್ಜಿಕೊಂಡರು.

"ಕೊಟ್ಟೂರಾಗ ಯಾವ ಅಕ್ಕಪಾ? ಅಲ್ಲಿ ನಾವು ಸಾಮಾನು ಯಾವಾಗ ತಗೊಂಡಿದ್ವಿ?"

ಎಷ್ಟು ಬಿಡಿಸಿ ಹೇಳಿದರೂ ಅವರಿಗೆ ನೆನಪಾಗಲಿಲ್ಲ. "ಇರಲಿ ಬಿಡು, ಕೂಡು, ಚಹಾ ಕುಡಿ" ಅಂದರು. ಅವರದು ನಾಟಕವಲ್ಲ, ನಿಜವಾಗಿಯೂ ಮರೆತಿದ್ದರು. ಅವಳ ಅಂಗಡಿ ಮುಚ್ಚಿಸಿದ ಮಾತು ಆಡಿದವರಿಗೇ ನೆನಪಿಲ್ಲ. ನೆನಪಿದ್ದ ನಾನು, ಅವಳು ಇದ್ದಾಗ ಬಾಯಿ ಬಿಡಲಿಲ್ಲ.